ಒಂದ್ಸಲ ಒತ್ತಿ ನೋಡ್ಲಾ?

ಜೈನ ಗೃಹಸ್ಥರಿಗೆ ಹೇಳಿರುವ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹಕ್ಕೆ, ಅಂದರೆ ಕೂಡಿಟ್ಟುಕೊಳ್ಳುವುದಕ್ಕೆ, ಮಿತಿ ಹಾಕಿಕೊಳ್ಳುವುದು. ಮುನಿಗಳ ಹಾಗೆ ಎಲ್ಲ ಬಿಟ್ಟು ಹೊರಡಿ ಎಂದು ನಮಗೆ ಯಾರೂ ಹೇಳಿಲ್ಲ. ಇಷ್ಟು ಸಾಕು ಎಂದು ನೀವೇ ಒಂದು ಗೆರೆ ಎಳೆದುಕೊಳ್ಳಿ, ಆಮೇಲೆ ಅದನ್ನು ದಾಟಬೇಡಿ ಎಂದಷ್ಟೇ ಹೇಳಿದ್ದಾರೆ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರದಲ್ಲಿ ಈ ಲೆಕ್ಕಕ್ಕೆ ಒಂದು ಪಟ್ಟಿಯೇ ಇದೆ: ಹೊಲ, ಮನೆ, ಬೆಳ್ಳಿ, ಬಂಗಾರ, ದನಕರು, ಧಾನ್ಯ, ಆಳುಕಾಳು, ಕೊನೆಗೆ ಬಟ್ಟೆಬರೆ ಮುಂತಾದ ಬಳಕೆಯ ಸಾಮಾನು. ಮೂಡುಬಿದಿರೆಯ ನಮ್ಮ ಮನೆಯಲ್ಲಿ ಅಮ್ಮ ಈ ವ್ರತ ತೆಗೆದುಕೊಂಡಾಗ ಮೊದಲು ಸೀರೆಗಳನ್ನು ಎಣಿಸಿದರು. ಅಂದಿನಿಂದ ಮದುವೆ ಮುಂಜಿಯಲ್ಲಿ ಯಾರಾದರೂ ಹೊಸ ಸೀರೆ ಕೊಟ್ಟರೆ ಹಳೆಯದೊಂದು ಕಪಾಟಿನಿಂದ ಹೊರಗೆ ಹೋಗಲೇಬೇಕಿತ್ತು. ಯಾವುದು ಹೋಗಬೇಕು ಎಂದು ಆರಿಸುವಾಗ ಅವರು ಬಹಳ ಹೊತ್ತು ಕಪಾಟಿನ ಮುಂದೆ ನಿಂತಿರುತ್ತಿದ್ದರು. ವ್ರತದ ಕಷ್ಟವೆಲ್ಲ ಆ ನಿಲುವಿನಲ್ಲಿತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ನನ್ನ ಕಪಾಟಿನಲ್ಲಿರುವುದು ಕೀಬೋರ್ಡುಗಳು. ಸೂತ್ರದ ಪಟ್ಟಿಯಲ್ಲಿ ಅವು ಕೊನೆಯ ಹೆಸರಿನಡಿ ಬರುತ್ತವೆ ಎಂದು ಇಟ್ಟುಕೊಳ್ಳೋಣ.

ನಾನು ಬೆಂಗಳೂರಿನಲ್ಲಿ ಕನ್ನಡ ಪುಸ್ತಕಗಳ ಡಿಟಿಪಿ ಮಾಡಿ ಬದುಕುವವನು. ಕಾದಂಬರಿ, ಅಭಿನಂದನ ಗ್ರಂಥ, ಪಂಚಾಂಗ, ಏನು ಬಂದರೂ ಟೈಪ್ ಮಾಡಿ ಪುಟ ಕಟ್ಟಿಕೊಡುತ್ತೇನೆ. ಆಗೊಮ್ಮೆ ಈಗೊಮ್ಮೆ ಹಳೆಯ ಜೈನಶಾಸ್ತ್ರ ಗ್ರಂಥಗಳ ಮರುಮುದ್ರಣದ ಕೆಲಸವೂ ಬರುತ್ತದೆ. ಅದು ಬಂದ ದಿನ ಬೇರೆಲ್ಲ ಕೆಲಸ ಬದಿಗಿಡುತ್ತೇನೆ. ದಿನಕ್ಕೆ ಎಂಟು ಗಂಟೆ ಬೆರಳು ಕೀಲಿಯ ಮೇಲೆಯೇ ಇರುವವನಿಗೆ ಕೀಬೋರ್ಡಿನ ಮೇಲೆ ಪ್ರೀತಿ ಹುಟ್ಟುವುದು ಸಹಜ. ಮಾಮೂಲಿ ಅಗ್ಗದ ಕೀಬೋರ್ಡಿನಲ್ಲಿ ಎಲ್ಲ ಕೀಲಿಗಳ ಅಡಿಗೂ ಒಂದೇ ರಬ್ಬರ್ ಹಾಳೆ ಹಾಸಿರುತ್ತದೆ. ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಹಾಗಲ್ಲ, ಒಂದೊಂದು ಕೀಲಿಗೂ ಅದರದೇ ಸ್ವಿಚ್, ಆ ಸ್ವಿಚ್ಚಿನೊಳಗೆ ಅದರದೇ ಸ್ಪ್ರಿಂಗ್. ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್ ಸ್ವಿಚ್ಚುಗಳ ಮಾದರಿಯೇ ಇವತ್ತಿಗೂ ಹೆಚ್ಚು ಚಾಲ್ತಿಯಲ್ಲಿದೆ. ಬಣ್ಣದಿಂದಲೇ ಅವುಗಳ ಗುಣ ಗುರುತಿಸುತ್ತಾರೆ. ಕೆಂಪು ಎಲ್ಲೂ ತಡೆಯದೆ ನೇರ ಇಳಿಯುತ್ತದೆ. ಕಂದು ಅರ್ಧದಲ್ಲಿ ಬೆರಳಿಗೆ ಒಂದು ಸಣ್ಣ ಉಬ್ಬು ತಾಗಿಸಿ ಇಳಿಯುತ್ತದೆ. ನೀಲಿ ಆ ಉಬ್ಬಿನ ಜೊತೆಗೆ ಟಿಕ್ ಎಂದು ಸದ್ದನ್ನೂ ಮಾಡುತ್ತದೆ.

ಕೆಂಪು ಸ್ವಿಚ್ಚಿನಲ್ಲಿ ಕೀಲಿ ಒಟ್ಟು 4 ಮಿಲಿಮೀಟರ್ ಕೆಳಗೆ ಹೋಗುತ್ತದೆ, ಆದರೆ 2 ಮಿಲಿಮೀಟರ್ ಆಗುವಷ್ಟರಲ್ಲಿ ಅಕ್ಷರ ಪರದೆಯ ಮೇಲೆ ಮೂಡಿಯಾಗಿರುತ್ತದೆ. ಉಳಿದರ್ಧ ದಾರಿ ಕೆಲಸ ಮುಗಿದ ಮೇಲಿನದು. ಈ ಹವ್ಯಾಸದವರು ಹಣ, ರಾತ್ರಿ, ನಿದ್ದೆ ಎಲ್ಲವನ್ನೂ ಸುರಿಯುವುದು ಹೆಚ್ಚಾಗಿ ಆ ಅರ್ಧ ದಾರಿಗೆ: ತಳ ಮುಟ್ಟಿದಾಗ ಬೆರಳಿಗೆ ಹೇಗನ್ನಿಸುತ್ತದೆ, ಎಂಥ ಸದ್ದು ಬರುತ್ತದೆ, ಮೇಲೇಳುವಾಗ ಸ್ಪ್ರಿಂಗ್ ಕಿಣಿಗುಟ್ಟುತ್ತದೆಯೇ. ಜೈನರ ಎಣಿಕೆಯಲ್ಲಿ ಸ್ಪರ್ಶವೇ ಮೊದಲ ಇಂದ್ರಿಯ. ಬೇರೆ ಯಾವ ಇಂದ್ರಿಯವೂ ಇಲ್ಲದ ಮರಗಿಡಗಳಿಗೂ, ನೀರಿನ ಜೀವಕ್ಕೂ, ಮಣ್ಣಿನ ಜೀವಕ್ಕೂ ಅದೊಂದು ಇದೆ. ಹಾಗಾಗಿ ಬೆರಳ ತುದಿಯ ಸುಖವನ್ನು ಚಿಕ್ಕದೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಜೀವಕ್ಕೆ ಅಂಟಿದ ಎಲ್ಲಕ್ಕಿಂತ ಹಳೆಯ ಸುಖ ಅದು. ಬಿಡಿಸಿಕೊಳ್ಳಲು ಎಲ್ಲಕ್ಕಿಂತ ಕಷ್ಟವಾದದ್ದೂ ಅದೇ ಇರಬೇಕು.

ಇದನ್ನು ಹಚ್ಚಿಕೊಂಡವರೆಲ್ಲ ಬೆಂಗಳೂರಿನಲ್ಲಿ ಆಗಾಗ ಒಂದು ಭಾನುವಾರ ಸೇರುತ್ತಾರೆ. ಮೀಟಪ್ ಅನ್ನುತ್ತಾರೆ. ಯಾವುದೋ ಕೆಫೆಯ ಮಹಡಿ, ಸಾಲಾಗಿ ಜೋಡಿಸಿದ ಉದ್ದ ಮೇಜುಗಳು. ಬಂದವರು ಬ್ಯಾಗು ಬಿಚ್ಚಿ ತಮ್ಮ ಕೀಬೋರ್ಡುಗಳನ್ನು ಹೊರಗೆ ತೆಗೆದು ಸಾಲಾಗಿ ಇಡುತ್ತಾರೆ. ಹೆಚ್ಚಿನವರು ಇಪ್ಪತ್ತು ಮೂವತ್ತರ ಆಸುಪಾಸಿನ ಐಟಿ ಹುಡುಗ ಹುಡುಗಿಯರು, ಕೆಲವರು ಇಂಜಿನಿಯರಿಂಗ್ ಕಾಲೇಜಿನವರು, ನನ್ನ ವಯಸ್ಸಿನವರು ಅಲ್ಲೊಬ್ಬರು ಇಲ್ಲೊಬ್ಬರು. ಯಾವುದಕ್ಕೂ ಕಂಪ್ಯೂಟರಿನ ತಂತಿ ಸಿಕ್ಕಿಸಿರುವುದಿಲ್ಲ. ಯಾರೂ ಏನನ್ನೂ ಬರೆಯುತ್ತಿಲ್ಲ. ಮೇಜಿನಿಂದ ಮೇಜಿಗೆ ಹೋಗಿ, ಬಗ್ಗಿ, "ಒಂದ್ಸಲ ಒತ್ತಿ ನೋಡ್ಲಾ?" ಎಂದು ಕೇಳಿ, ಬೇರೆಯವರ ಕೀಬೋರ್ಡಿನ ಮೇಲೆ ಮನಸ್ಸಿಗೆ ಬಂದ ವಾಕ್ಯ ಟೈಪ್ ಮಾಡುತ್ತಾರೆ. ಆ ಅಕ್ಷರಗಳು ಎಲ್ಲೂ ಮೂಡುವುದಿಲ್ಲ. ಮಹಡಿಯ ತುಂಬ ಬರೀ ಸದ್ದು.

ಒತ್ತಿ ನೋಡಲೇ ಎಂದು ಕೇಳದೆ ಯಾರೂ ಕೈ ಹಾಕುವುದಿಲ್ಲ. ಕೇಳಿದ ಮೇಲೆ ಬೇಡ ಎಂದವರನ್ನೂ ನಾನು ಕಂಡಿಲ್ಲ. ತಿಂಡಿ ತಿಂದ ಕೈಯನ್ನು ತೊಳೆದು, ಒರೆಸಿ, ಆಮೇಲೆ ಮೇಜಿನ ಹತ್ತಿರ ಬರುತ್ತಾರೆ. ಈ ನಡವಳಿಕೆಯನ್ನು ಯಾರೂ ಅವರಿಗೆ ಬರೆದುಕೊಟ್ಟಿಲ್ಲ. ಅತಿಥಿಗೆ ಪಾಲು ಕೊಡುವುದು ಗೃಹಸ್ಥನ ಹನ್ನೆರಡು ವ್ರತಗಳಲ್ಲಿ ಕೊನೆಯದು. ತತ್ತ್ವಾರ್ಥಸೂತ್ರದಲ್ಲಿ ಅದು ಬರುವ ಅಧ್ಯಾಯಕ್ಕೆ ಟೀಕೆ ಬರೆದ ಆಚಾರ್ಯರು ಕೊಡುವಾಗಿನ ಆದರದ ಬಗ್ಗೆ ಎಷ್ಟು ವಿವರವಾಗಿ ಬರೆದಿದ್ದಾರೆ ಎಂಬುದು ನೆನಪಾಗುತ್ತದೆ. ಆದರವಿಲ್ಲದೆ ಕೊಡುವುದನ್ನೂ, ಇನ್ನೊಬ್ಬ ದಾನಿಯ ಹೆಸರು ಕಂಡು ಕರುಬುವುದನ್ನೂ ಅವರು ಮಾತ್ಸರ್ಯ ಎಂಬ ಒಂದೇ ದೋಷದಲ್ಲಿ ಸೇರಿಸಿದರು. ಎರಡನೆಯದು ಮೀಟಪ್ಪಿನಲ್ಲಿ ಇಲ್ಲವೆಂದು ಹೇಳಲಾರೆ. ಒಬ್ಬರ ಮೇಜಿನ ಮುಂದೆ ಹತ್ತು ಜನ ಗುಂಪುಗೂಡಿ ಪಕ್ಕದ ಮೇಜು ಖಾಲಿ ಬಿದ್ದಾಗ, ಪಕ್ಕದವರ ಮುಖದಲ್ಲಿ ಅದು ಕಾಣುತ್ತದೆ.

ಹಾಗಾದರೆ ಅಲ್ಲಿ ನಡೆಯುವುದು ದಾನವೇ? ಸೂತ್ರದ ಅಳತೆಗೋಲು ಹಿಡಿದರೆ ಅಲ್ಲ. ಅನುಗ್ರಹಕ್ಕಾಗಿ ತನ್ನದನ್ನು ಬಿಟ್ಟುಕೊಡುವುದು ದಾನ. ಆ ಅನುಗ್ರಹ ಪಡೆಯುವವನಿಗಷ್ಟೇ ಅಲ್ಲ, ಕೊಡುವವನಿಗೂ ಎಂದು ಟೀಕಾಕಾರರು ಬಿಡಿಸಿ ಹೇಳಿದ್ದಾರೆ. ಮೀಟಪ್ಪಿನಲ್ಲಿ ಸಂಜೆಯಾದರೆ ಎಲ್ಲರೂ ತಂತಮ್ಮ ಕೀಬೋರ್ಡನ್ನು ಮೆತ್ತನೆಯ ಚೀಲಕ್ಕೆ ಹಾಕಿ ಜಿಪ್ ಎಳೆದು ಮನೆಗೆ ಒಯ್ಯುತ್ತಾರೆ. ಬಿಟ್ಟುಕೊಟ್ಟದ್ದು ಏನೂ ಇಲ್ಲ. ಹಾಗೆಂದು ಅದು ಬರೀ ಪ್ರದರ್ಶನ ಎಂದರೂ ತಪ್ಪಾಗುತ್ತದೆ. ಪ್ರದರ್ಶನಕ್ಕಿಟ್ಟ ವಸ್ತುವನ್ನು ಮುಟ್ಟಲು ಬಿಡುವುದಿಲ್ಲ.

ನೋಡಲು ಇಡುವುದಕ್ಕೂ ಬಳಸಲು ಕೊಡುವುದಕ್ಕೂ ಎಷ್ಟು ಅಂತರವಿದೆ ಎಂಬುದು ಮೂಡುಬಿದಿರೆಯವರಿಗೆ ಚೆನ್ನಾಗಿ ಗೊತ್ತು. ನಮ್ಮೂರಿನ ಗುರುಬಸದಿಗೆ ಸಿದ್ಧಾಂತ ಬಸದಿ ಎಂದೂ ಹೆಸರು. ಧವಲ, ಜಯಧವಲ, ಮಹಾಧವಲ ಎಂಬ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಉಳಿದದ್ದು ಅಲ್ಲಿ. ಈ ಗ್ರಂಥಗಳ ಬೇರಿನಲ್ಲೇ ಒಂದು ಕೊಡುಗೆಯ ಕಥೆ ಇದೆ. ಗಿರಿನಾರಿನಲ್ಲಿದ್ದ ಧರಸೇನಾಚಾರ್ಯರು, ತಮ್ಮ ನೆನಪಿನಲ್ಲಿ ಉಳಿದಿರುವ ಆಗಮ ತಮ್ಮೊಂದಿಗೇ ಹೋಗಿಬಿಡಬಾರದೆಂದು ದಕ್ಷಿಣದಿಂದ ಬಂದ ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ಅದನ್ನು ಹೇಳಿಕೊಟ್ಟರು. ಅವರು ಅದನ್ನು ಷಟ್ಖಂಡಾಗಮವಾಗಿ ಬರೆಯಿಸಿದರು. ಬರೆದು ಮುಗಿದ ದಿನವೆಂದು ಜ್ಯೇಷ್ಠ ಶುದ್ಧ ಪಂಚಮಿಯನ್ನು ನಾವು ಇಂದಿಗೂ ಶ್ರುತಪಂಚಮಿಯಾಗಿ ಆಚರಿಸುತ್ತೇವೆ. ವೀರಸೇನಾಚಾರ್ಯರು ಅದಕ್ಕೆ ಬರೆದ ಟೀಕೆಯೇ ಧವಲ. ಇಷ್ಟು ಕಾಳಜಿಯಿಂದ ದಾಟಿಸಿದ ಅರಿವಿನ ಪ್ರತಿ ಕೊನೆಗೆ ಒಂದು ಊರಿನ ಒಂದು ಬಸದಿಯ ಪೆಟ್ಟಿಗೆಯಲ್ಲಿ ಉಳಿಯಿತು. ದೂರದೂರದಿಂದ ಯಾತ್ರಿಕರು ಬಂದು ಕೈಮುಗಿದು ದರ್ಶನ ಮಾಡಿ ಹೋಗುತ್ತಿದ್ದರು. ಓದುವವರಿರಲಿಲ್ಲ. ಪ್ರತಿ ತೆಗೆಯಲು ಅನುಮತಿ ಸಿಕ್ಕಿ ಕೆಲಸ ಶುರುವಾದದ್ದು 19ನೆಯ ಶತಮಾನದ ಕೊನೆಗೆ, ಅದೂ ಊರಿನ ಹೊರಗೆ ಹೋಗಬಾರದೆಂಬ ಕಟ್ಟಿನೊಳಗೆ. ಗುಟ್ಟಾಗಿ ಹೊರಗೆ ಹೋದ ಪ್ರತಿಗಳಿಂದಲೇ ಮುಂದೆ ಹೀರಾಲಾಲ ಜೈನರು ಅಮರಾವತಿಯಿಂದ ಸಂಪಾದಿಸಿ ಅಚ್ಚು ಹಾಕಿಸಿದ್ದು; ಮೊದಲ ಸಂಪುಟ 1939ರಲ್ಲಿ ಹೊರಬಂತು.

ಕಾಪಾಡಿದವರನ್ನು ನಾನು ಹಳಿಯುವುದಿಲ್ಲ. ಅವರು ಬಿಗಿಯಾಗಿ ಹಿಡಿದದ್ದರಿಂದಲೇ ಗರಿಗಳು ಉಳಿದವು. ಆದರೆ ಹಿಡಿದು ಉಳಿಸಿದ ಕೈಗೆ ಕೊಡುವುದು ಹೇಗೆಂಬುದು ಮರೆತುಹೋಗಿತ್ತು. ಅದೇ ಕನ್ನಡ ನಾಡಿನಲ್ಲಿ, 10ನೆಯ ಶತಮಾನದಲ್ಲಿ, ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದ್ದಳು. ಒಬ್ಬೊಬ್ಬ ಲಿಪಿಕಾರ ಗರಿಯ ಮೇಲೆ ಒಂದೊಂದೇ ಅಕ್ಷರ ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಎಂದರೆ ಎಷ್ಟು ಕೈ, ಎಷ್ಟು ತಿಂಗಳು! ಟೈಪ್ ಮಾಡುವವನಾದ ನನಗೆ ಆ ಸಂಖ್ಯೆ ಬೆರಳಲ್ಲಿ ನೋಯುತ್ತದೆ. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನಕ್ಕೆ ಮಾತ್ರ ಒಂದು ವಿಶೇಷವಿದೆ. ಕೊಟ್ಟ ಮೇಲೂ ಅದು ಕೊಟ್ಟವನ ಬಳಿ ಉಳಿಯುತ್ತದೆ.

ಮೀಟಪ್ಪಿನಲ್ಲಿ ಈ ಬಗೆಯ ದಾನ ಧಾರಾಳವಾಗಿ ನಡೆಯುತ್ತದೆ. ಸ್ಪೇಸ್ ಬಾರಿನಂಥ ಉದ್ದ ಕೀಲಿಗಳ ಅಡಿಯಲ್ಲಿ ಸ್ಟೆಬಿಲೈಸರ್ ಎಂಬ ತಂತಿಯೊಂದು ಇರುತ್ತದೆ. ಅದು ಸಡಿಲವಿದ್ದರೆ ಒತ್ತಿದಾಗಲೆಲ್ಲ ಗಲಗಲ ಎನ್ನುತ್ತದೆ. ಅದನ್ನು ಸರಿಮಾಡುವ ಬಗೆಯನ್ನು ನನಗೆ ಕಲಿಸಿದ್ದು ಇಪ್ಪತ್ತೆರಡು ವರ್ಷದ ಒಬ್ಬ ಹುಡುಗಿ. ತನ್ನ ಕೀಬೋರ್ಡನ್ನೇ ಬಿಚ್ಚಿ ಮೇಜಿನ ಮೇಲೆ ಹರಡಿ, ಸಣ್ಣ ಬ್ರಶ್ಶಿನ ತುದಿಯಲ್ಲಿ ಬಿಳಿ ಗ್ರೀಸನ್ನು ಕಂಡೂ ಕಾಣದಷ್ಟು ತೆಗೆದುಕೊಂಡು ತಂತಿಯ ಬಾಗಿದ ತುದಿಗೆ ಮಾತ್ರ ಸವರಿದಳು. "ಜಾಸ್ತಿ ಹಾಕಿದ್ರೆ ಕೀಲಿ ಮೇಲೇಳೋಕೆ ಸೋಮಾರಿ ಆಗತ್ತೆ ಅಂಕಲ್. ಹಚ್ಚಿದ್ದೀರಾ ಇಲ್ವಾ ಅಂತ ಅನುಮಾನ ಬರ್ಬೇಕು, ಅಷ್ಟೇ ಹಾಕಿ" ಎಂದಳು. ಆಮೇಲೆ ಬ್ರಶ್ಶನ್ನು ನನ್ನ ಕೈಗೆ ಕೊಟ್ಟು, ತನ್ನದೇ ಎರಡನೆಯ ತಂತಿಗೆ ನನ್ನಿಂದ ಹಚ್ಚಿಸಿದಳು. ನನ್ನ ಕೈ ನಡುಗುತ್ತಿತ್ತು. ಅವಳ ಕೀಬೋರ್ಡಿನ ಬೆಲೆ ನನಗೆ ಗೊತ್ತಿತ್ತು. ಅವಳಿಗೆ ಅದು ಗೊತ್ತಿಲ್ಲದ್ದೇನಲ್ಲ, ಆದರೂ ಅವಳ ಕಣ್ಣು ಇದ್ದದ್ದು ನನ್ನ ಬೆರಳ ಮೇಲೆ, ಗ್ರೀಸಿನ ಹದದ ಮೇಲೆ.

ವಸ್ತುವನ್ನು ಹೊಂದಿರುವುದಲ್ಲ ಪರಿಗ್ರಹ, ಅದರ ಬಗೆಗಿನ ಮೂರ್ಛೆಯೇ, ಮೈಮರೆಸುವ ಮೋಹವೇ, ಪರಿಗ್ರಹ ಎಂದು ಉಮಾಸ್ವಾಮಿ ಹೇಳುತ್ತಾರೆ. ಹಾಗೆ ನೋಡಿದರೆ ಏನೂ ಇಲ್ಲದವನಿಗೂ ಪರಿಗ್ರಹ ಇರಬಹುದು. ಈ ಹವ್ಯಾಸದಲ್ಲಿ ಗ್ರೂಪ್ ಬೈ ಎಂಬುದೊಂದಿದೆ: ಯಾರೋ ಒಂದು ಕೀಬೋರ್ಡಿನ ನಕ್ಷೆ ಮಾಡುತ್ತಾರೆ, ಬೇಕಾದವರೆಲ್ಲ ಮೊದಲೇ ಹಣ ಕಟ್ಟುತ್ತಾರೆ, ಹಣ ಕೂಡಿದ ಮೇಲೆ ಕಾರ್ಖಾನೆ ಕೆಲಸ ಶುರು ಮಾಡುತ್ತದೆ. ವಸ್ತು ಕೈಗೆ ಬರಲು ವರ್ಷ ಕಳೆಯುವುದು ಸಾಮಾನ್ಯ. ಇನ್ನೂ ಹುಟ್ಟದ ವಸ್ತುವಿಗಾಗಿ ಜನ ದಿನವೂ ಕಾಯುತ್ತಾರೆ, ಅದರ ಬಣ್ಣ ನೆನೆಯುತ್ತಾರೆ, ಅದಕ್ಕೆ ಹೊಂದುವ ಕೀಕ್ಯಾಪ್, ಅಂದರೆ ಕೀಲಿಯ ಮೇಲಿನ ಮುಚ್ಚಳ, ಈಗಲೇ ಕೊಂಡಿಡುತ್ತಾರೆ. ಆ ಹುಡುಗಿಯ ಮುಂದೆ ಬಿಚ್ಚಿ ಹರಡಿದ ಕೀಬೋರ್ಡು ಇತ್ತು, ಮೂರ್ಛೆ ಇರಲಿಲ್ಲ. ಕಾಯುತ್ತಿರುವವರ ಬಳಿ ವಸ್ತುವಿಲ್ಲ, ಮೂರ್ಛೆ ಇದೆ. ಸೂತ್ರದ ಮಾತು ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲೂ ನನಗೆ ಅರ್ಥವಾಗಿಲ್ಲ.

ಇದಕ್ಕೆ ಎದುರು ವಾದವೂ ಇದೆ, ಅದು ತೂಕದ್ದೇ. ಜಪಾನಿನ ಕಂಪ್ಯೂಟರ್ ವಿಜ್ಞಾನಿ ಎಯಿಚಿ ವಾಡಾ ಅವರ ಆಲೋಚನೆಯಿಂದ 1996ರಲ್ಲಿ ಹ್ಯಾಪಿ ಹ್ಯಾಕಿಂಗ್ ಕೀಬೋರ್ಡ್ ಎಂಬುದು ಹುಟ್ಟಿತು. ಹವ್ಯಾಸಿಗಳು ಇಂದಿಗೂ ಅದನ್ನು ಗೌರವದಿಂದ ಮುಟ್ಟುತ್ತಾರೆ. ಅಮೆರಿಕದ ಕೌಬಾಯ್‌ಗಳು ಕುದುರೆ ಸತ್ತರೆ ಅದನ್ನು ಅಲ್ಲೇ ಬಿಡುತ್ತಿದ್ದರು, ಜೀನನ್ನು ಮಾತ್ರ ಮರುಭೂಮಿಯಲ್ಲೂ ಹೊತ್ತು ಸಾಗುತ್ತಿದ್ದರು. ಕಂಪ್ಯೂಟರ್ ಕುದುರೆ, ಕೀಬೋರ್ಡ್ ಜೀನು ಎಂಬುದು ವಾಡಾ ಅವರ ವಿಚಾರ. ಬದುಕಿನುದ್ದ ಜೊತೆಗಿಟ್ಟುಕೊಳ್ಳುವ, ಮೈಗೆ ಒಗ್ಗಿದ ಸಾಧನ ಅದು. ದೇಹಕ್ಕೆ ಇಷ್ಟು ಹೊಂದಿಕೊಂಡದ್ದನ್ನು ನನ್ನದಲ್ಲ ಎನ್ನುವುದು ಹೇಗೆ?

ನನ್ನ ಹಳೆಯ ಕೀಬೋರ್ಡಿನಲ್ಲೇ ಇದಕ್ಕೆ ಸಾಕ್ಷಿ ಇದೆ. ಅದರ ಕೀಕ್ಯಾಪುಗಳು ಎಬಿಎಸ್ ಪ್ಲಾಸ್ಟಿಕ್ಕಿನವು; ಬೆರಳಿನ ಎಣ್ಣೆಜಿಡ್ಡಿಗೂ ತಿಕ್ಕಾಟಕ್ಕೂ ಬೇಗ ನುಣುಪಾಗಿ ಹೊಳೆಯತೊಡಗುತ್ತವೆ. ಒಂದು ಮೀಟಪ್ಪಿನಲ್ಲಿ ಒಬ್ಬ ಹುಡುಗ ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, "ಸರ್, ಎಲ್ರದ್ದೂ ಸ್ಪೇಸ್ ಬಾರು, ಎ, ಇ ಹೊಳೀತವೆ. ನಿಮ್ದು ಯಾಕೆ ಎಫ್ ಇಷ್ಟು ಸವೆದಿದೆ?" ಎಂದು ಕೇಳಿದ. ಅವನ ಕಣ್ಣು ಚುರುಕು. ನಾನು ಟೈಪ್ ಮಾಡುವುದು ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ. ನುಡಿ ತಂತ್ರಾಂಶದಲ್ಲಿರುವುದೂ ಅದೇ ಧಾಟಿಯದು. ಅದರಲ್ಲಿ ಒತ್ತಕ್ಷರ ಬೇಕಾದಾಗಲೆಲ್ಲ ಎರಡು ವ್ಯಂಜನಗಳ ನಡುವೆ ಎಫ್ ಒತ್ತಬೇಕು. ಕನ್ನಡದಲ್ಲಿ ಒತ್ತಕ್ಷರವಿಲ್ಲದ ಸಾಲು ಎಷ್ಟಿವೆ? ಶಾಸ್ತ್ರಗ್ರಂಥವಾದರಂತೂ ಸಮ್ಯಕ್ತ್ವ, ಮಿಥ್ಯಾತ್ವ ಎಂದು ಪದ ಪದಕ್ಕೂ ಎಫ್. "ನಮ್ಮ ಅಕ್ಷರಗಳನ್ನು ಒಂದಕ್ಕೊಂದು ಕಟ್ಟುವ ಕೀಲಿ ಅದು ಮಾರಾಯ" ಎಂದೆ. ಅವನು ಆ ಹೊಳಪಿನ ಮೇಲೆ ಬೆರಳಿಟ್ಟು ಒತ್ತಿ, "ಇಲ್ಲಿ ನಿಮ್ಮ ಬೆರಳಿನ ಆಕಾರ ಇದೆ ಸರ್" ಎಂದ. ಇತ್ತು. ಅವನ ಬೆರಳು ಅದರಲ್ಲಿ ಕೂತಿತ್ತು.

ಆ ಹೊತ್ತಿಗೆ ನನ್ನೊಳಗೆ ಎದ್ದ ಭಾವನೆಯನ್ನು ನಾನು ಆಮೇಲೆ ಬಹಳ ಸಲ ತಿರುಗಿಸಿ ನೋಡಿದ್ದೇನೆ. ಮೊದಲ ಕ್ಷಣಕ್ಕೆ ಎದೆ ಬಿಗಿಯಿತು, ಕಸಿದುಕೊಂಡ ಹಾಗೆ. ಮರುಕ್ಷಣ ಅದು ಹೋಗಿ ಒಂದು ಹಗುರ ಬಂತು. ಅವನ ಮುಖದಲ್ಲಿ ಕಂಡ ಖುಷಿ ನನ್ನ ಖುಷಿಯಂಥದ್ದೇ ಆಗಿತ್ತು, ಅದಕ್ಕೆ ಕೀಬೋರ್ಡು ಅವನದಾಗಬೇಕಾದ ಅಗತ್ಯವಿರಲಿಲ್ಲ. ಹಾಗಾದರೆ ಇಷ್ಟು ಕಾಲದ ನನ್ನ ಖುಷಿಗೂ ಅದು ನನ್ನದಾಗಿರಬೇಕಾದ ಅಗತ್ಯ ಇತ್ತೇ? ಸುಖ ಸ್ಪರ್ಶದ್ದು. ನನ್ನದು ಎಂಬುದನ್ನು ನಾನು ಬೇರೆಯಾಗಿ ತಂದು ಅದರ ಪಕ್ಕದಲ್ಲಿಟ್ಟದ್ದು. ಎರಡೂ ಯಾವಾಗಲೂ ಜೊತೆಯಲ್ಲೇ ಇರುವುದರಿಂದ ಒಂದೇ ಎಂದು ಕಾಣುತ್ತವೆ. ಮೀಟಪ್ಪಿನ ಮೇಜು ಅವೆರಡನ್ನೂ ಒಂದು ಮಧ್ಯಾಹ್ನದ ಮಟ್ಟಿಗೆ ಬಿಡಿಸಿ ತೋರಿಸುತ್ತದೆ.

ಕುಂದಕುಂದಾಚಾರ್ಯರ ಸಮಯಸಾರದಲ್ಲಿ ತ್ಯಾಗದ ಬಗ್ಗೆ ಒಂದು ಅಚ್ಚರಿಯ ಮಾತಿದೆ. ಬಿಡುವುದು ಎಂದರೆ ಬೇರೇನಲ್ಲ, ಇದು ಪರವಸ್ತು ಎಂದು ತಿಳಿಯುವುದೇ ಬಿಡುವುದು ಎಂಬುದು ಅದರ ತಾತ್ಪರ್ಯ. ಅಮೃತಚಂದ್ರಾಚಾರ್ಯರು ತಮ್ಮ ಟೀಕೆಯಲ್ಲಿ ಇದಕ್ಕೆ ಒಂದು ದೃಷ್ಟಾಂತ ಕೊಡುತ್ತಾರೆ. ಒಬ್ಬ ಅಗಸನ ಮನೆಯಿಂದ ಇನ್ನೊಬ್ಬರ ಬಟ್ಟೆಯನ್ನು ತನ್ನದೆಂದು ತಿಳಿದು ತಂದು ಹೊದ್ದು ಮಲಗಿದ್ದಾನೆ. ಬಟ್ಟೆಯ ಒಡೆಯ ಬಂದು ಸೆರಗು ಹಿಡಿದು ಎಳೆದು, ಏಳು, ಇದು ನನ್ನದು, ಅದಲುಬದಲಾಗಿದೆ ಎಂದು ಮತ್ತೆ ಮತ್ತೆ ಹೇಳುತ್ತಾನೆ. ಮಲಗಿದವನು ಎದ್ದು ಬಟ್ಟೆಯ ಗುರುತುಗಳನ್ನೆಲ್ಲ ಪರೀಕ್ಷಿಸಿ, ಹೌದು, ಇದು ಬೇರೆಯವರದ್ದೇ ಎಂದು ಖಾತ್ರಿಯಾದ ತಕ್ಷಣ ಕೊಟ್ಟುಬಿಡುತ್ತಾನೆ. ಅವನು ಹಲ್ಲು ಕಚ್ಚಿ ತ್ಯಾಗ ಮಾಡಿದ್ದಲ್ಲ. ತನ್ನದಲ್ಲವೆಂದು ತಿಳಿದ ಮೇಲೆ ಹೊದ್ದಿರಲು ಅವನಿಂದ ಆಗಲಿಲ್ಲ, ಅಷ್ಟೇ.

ಈ ದೃಷ್ಟಾಂತವನ್ನು ನಾನು ಟೈಪ್ ಮಾಡಿ, ಪ್ರೂಫ್ ನೋಡಿ, ಅಚ್ಚಿಗೆ ಕಳಿಸಿದ್ದೇನೆ. ಆದರೆ ಅದು ಕಣ್ಣೆದುರು ನಡೆದದ್ದು ಒಂದು ಮೀಟಪ್ಪಿನ ಕೊನೆಗೆ. ಒಂದೇ ಕಂಪನಿಯ, ಒಂದೇ ಬೂದು ಬಣ್ಣದ ಎರಡು ಕೀಬೋರ್ಡುಗಳು ಕೈಯಿಂದ ಕೈಗೆ ದಾಟಿ ಅದಲುಬದಲಾಗಿದ್ದವು. ಒಬ್ಬ ತನ್ನದೆಂದುಕೊಂಡು ಚೀಲಕ್ಕೆ ಹಾಕಿ ಮೆಟ್ಟಿಲಿಳಿಯುತ್ತಿದ್ದ. ಇನ್ನೊಬ್ಬ ಹಿಂದಿನಿಂದ ಓಡಿಬಂದು ಕರೆದ. ಇಬ್ಬರೂ ಮೆಟ್ಟಿಲ ಮೇಲೆಯೇ ಕೂತು ಕೀಬೋರ್ಡುಗಳನ್ನು ಅಂಗಾತ ಮಾಡಿ ಗುರುತು ಹುಡುಕಿದರು: ಅಡಿಯ ರಬ್ಬರ್ ಪಟ್ಟಿಯ ಒಂದು ಕೊನೆ ಎದ್ದಿರುವುದು, ಎಂಟರ್ ಕೀಲಿಯ ಸದ್ದು ಕೊಂಚ ದಪ್ಪವಾಗಿರುವುದು. ಗುರುತು ಸಿಕ್ಕ ಕೂಡಲೇ ಕೊಟ್ಟು ತೆಗೆದುಕೊಂಡರು. ನಾನು ನೋಡುತ್ತಿದ್ದದ್ದು ಮೊದಲನೆಯವನ ಕೈಯನ್ನು. ಹತ್ತು ನಿಮಿಷದ ಕೆಳಗೆ ಅದೇ ಕೀಬೋರ್ಡನ್ನು ಬಟ್ಟೆಯಿಂದ ಒರೆಸಿ, ಮೂಲೆಗೆ ಪೆಟ್ಟಾಗದಂತೆ ಮೆಲ್ಲಗೆ ಚೀಲಕ್ಕೆ ಇಳಿಸಿದ್ದ ಕೈ ಅದು. ಅಷ್ಟು ಮಮತೆ ಎಲ್ಲಿಗೆ ಹೋಯಿತು? ವಸ್ತು ಬದಲಾಗಿರಲಿಲ್ಲ, ಅದರ ಮೇಲಿನ ಸ್ಪರ್ಶವೂ ಬದಲಾಗಿರಲಿಲ್ಲ. ಬದಲಾದದ್ದು ತಿಳಿವಳಿಕೆ ಒಂದೇ.

ಅಲ್ಲಿ ಅವನಿಗೆ ತನ್ನದು ಎಂಬ ಇನ್ನೊಂದು ಕೈಗೆ ಬಂತು ಎನ್ನುವುದು ನಿಜ. ಸಮಯಸಾರ ಕೇಳುವುದು ಅದಕ್ಕಿಂತ ದೊಡ್ಡದನ್ನು: ಗುರುತು ನೋಡುತ್ತ ಹೋದರೆ ಆ ಎರಡನೆಯದೂ ನಿನ್ನದಲ್ಲ, ಒತ್ತುವ ಬೆರಳೂ ನಿನ್ನದಲ್ಲ, ಬೆರಳೂ ಪ್ಲಾಸ್ಟಿಕ್ಕೂ ಎರಡೂ ಪುದ್ಗಲವೇ, ಜಡವಸ್ತುವೇ. ನಾನು ಅಲ್ಲಿಯವರೆಗೆ ಹೋಗಿಲ್ಲ. ಹೋದೆನೆಂದು ಹೇಳಿಕೊಳ್ಳುವವರ ಮಾತನ್ನು ನಂಬುವುದೂ ನನಗೆ ಕಷ್ಟ. ಗೃಹಸ್ಥನಿಗೆ ಸಿಗುವುದು ಇಂಥ ಮೆಟ್ಟಿಲ ಮೇಲಿನ ಸಣ್ಣ ಪಾಠಗಳೇ.

ಸಾಧನ ಎಂಬ ನೆಪಕ್ಕೂ ಇಲ್ಲೇ ಉತ್ತರ ಹುಡುಕಬೇಕು. ದಿಗಂಬರ ಮುನಿಗಳಿಗೆ ಮೂರು ಉಪಕರಣಗಳಿಗೆ ಅವಕಾಶವಿದೆ: ಜೀವಿಗಳಿಗೆ ನೋವಾಗದಂತೆ ನೆಲ ಗುಡಿಸಲು ನವಿಲುಗರಿಯ ಪಿಂಛಿ, ಶೌಚಕ್ಕೆ ಕಮಂಡಲು, ಓದಲು ಶಾಸ್ತ್ರ. ಬಟ್ಟೆಯನ್ನೇ ಬಿಟ್ಟವರಿಗೂ ಜ್ಞಾನದ ಉಪಕರಣ ಪರಿಗ್ರಹವಲ್ಲ. ಶಾಸ್ತ್ರ ಟೈಪ್ ಮಾಡುವ ಕೀಬೋರ್ಡನ್ನು ನಾನು ಆ ಸಾಲಿಗೆ ಸೇರಿಸಿಕೊಳ್ಳಬಹುದು, ಮನಸ್ಸು ಹಾಗೆ ವಾದಿಸುತ್ತದೆ. ಆದರೆ ಚಾತುರ್ಮಾಸ ಮುಗಿದಾಗ ನಡೆಯುವ ಪಿಂಛಿ ಪರಿವರ್ತನೆಯನ್ನು ನೋಡಿದವರಿಗೆ ಆ ವಾದ ನಿಲ್ಲುವುದಿಲ್ಲ. ಶ್ರಾವಕರು ಹೊಸ ಪಿಂಛಿಯನ್ನು ಒಪ್ಪಿಸುತ್ತಾರೆ; ವರ್ಷವಿಡೀ ಮುನಿಗಳ ಕೈಯಲ್ಲೇ ಇದ್ದ ಹಳೆಯದು, ಹೊಸದಾಗಿ ವ್ರತ ನಿಯಮ ತೆಗೆದುಕೊಂಡ ಗೃಹಸ್ಥರೊಬ್ಬರ ಮನೆಗೆ ಹೋಗುತ್ತದೆ. ಕೈಗೆ ಅಷ್ಟು ಒಗ್ಗಿದ್ದು, ಅಷ್ಟು ಅಗತ್ಯವಾದದ್ದು, ಅದಕ್ಕೂ ಹೋಗುವ ದಿನವೊಂದು ಇದೆ. ಅದು ಯಾರ ಮನೆಗೆ ಹೋಗಬೇಕು ಎಂಬುದೂ ಅಲ್ಲಿ ವಿಚಾರದಲ್ಲಿದೆ.

ಯಾರಿಗೆ ಎಂಬ ಈ ಪ್ರಶ್ನೆಯೇ ಮೀಟಪ್ಪಿನ ಬಗ್ಗೆ ನನಗಿರುವ ಆಕ್ಷೇಪ. ದಾನದ ಹೆಚ್ಚುಗಾರಿಕೆ ನಾಲ್ಕರಿಂದ ಎಂದು ತತ್ತ್ವಾರ್ಥಸೂತ್ರ ಹೇಳುತ್ತದೆ: ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವವನು, ಪಡೆಯುವ ಪಾತ್ರ. ಅಲ್ಲಿ ವಿಧಿ ಚೆನ್ನಾಗಿದೆ, ದ್ರವ್ಯ ಚೆನ್ನಾಗಿದೆ, ಕೊಡುವ ಮನಸ್ಸೂ ಚೆನ್ನಾಗಿದೆ. ಆದರೆ ಪಡೆಯುವವರೆಲ್ಲ ಆಗಲೇ ಉಳ್ಳವರು. ಉಳಿದ ಸ್ವಿಚ್ಚುಗಳನ್ನು, ಬೇಡವಾದ ಕೀಕ್ಯಾಪುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ, ಬೇಕಾದವರು ಒಯ್ಯಿರಿ ಎಂದು ಇಟ್ಟಿರುತ್ತಾರೆ. ಅದೂ ಸುತ್ತಿ ಸುತ್ತಿ ಅದೇ ಕಪಾಟುಗಳಿಗೇ ಹೋಗುತ್ತದೆ. ನಮ್ಮ ಊರುಗಳಲ್ಲಿ ನಿಜಕ್ಕೂ ಬೆರಳು ಸವೆಸುವವರು ಬೇರೆ. ಕೋರ್ಟಿನ ಎದುರಿನ ಜಾಬ್ ಟೈಪಿಂಗ್ ಅಂಗಡಿಗಳಲ್ಲಿ, ತಾಲೂಕು ಕಚೇರಿಯ ಪಕ್ಕದ ಜೆರಾಕ್ಸ್ ಅಂಗಡಿಗಳಲ್ಲಿ, ಪ್ರೆಸ್ಸುಗಳ ಹಿಂದಿನ ಕೋಣೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಅರ್ಜಿ, ಅಫಿಡವಿಟ್, ಕ್ರಯಪತ್ರ ಬಡಿಯುವವರು. ಅವರ ಮುಂದಿರುವುದು ಅಕ್ಷರ ಅಳಿಸಿಹೋದ, ಒಂದೆರಡು ಕೀಲಿ ಜೋರಾಗಿ ಗುದ್ದಿದರೆ ಮಾತ್ರ ಏಳುವ ರಬ್ಬರ್ ಕೀಬೋರ್ಡು. ಒಳ್ಳೆಯ ಕೀಲಿ ಎಂದರೆ ಬೆರಳಿಗೆ ಹೇಗಿರುತ್ತದೆ ಎಂದು ಅವರಲ್ಲಿ ಎಷ್ಟೋ ಮಂದಿ ಒಮ್ಮೆಯೂ ಒತ್ತಿ ನೋಡಿಲ್ಲ. ಇದರಿಂದ ಅವರ ಕೈನೋವು ವಾಸಿಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಎಂಟು ಗಂಟೆ ಮುಟ್ಟುವ ವಸ್ತು ಹಿತವಾಗಿರಬೇಕು ಎಂಬ ಆಸೆ, ಅದಕ್ಕೆ ದುಡ್ಡು ಇರುವವರಿಗಷ್ಟೇ ಏಕೆ ಇರಬೇಕು ಎಂದು ಕೇಳುತ್ತಿದ್ದೇನೆ.

ಇದನ್ನು ಕಳೆದ ಮೀಟಪ್ಪಿನಲ್ಲಿ ಎಲ್ಲರ ಮುಂದೆ ಇಟ್ಟೆ. ನನ್ನ ಮಿತಿಯನ್ನು ಎರಡಕ್ಕೆ ನಿಲ್ಲಿಸಿದ್ದೇನೆ, ಉಳಿದವು ಹೋಗಬೇಕು, ಎಲ್ಲಿಗೆ ಎಂದು ಒಟ್ಟಿಗೆ ಯೋಚಿಸೋಣ ಎಂದೆ. ನನಗೆ ಗೊತ್ತಿರುವ ಒಂದು ಪ್ರೆಸ್ಸಿನಲ್ಲಿ ಟೈಪ್ ಮಾಡುವ ಇಬ್ಬರು ಹೆಂಗಸರ ವಿಷಯ ಹೇಳಿದೆ. ವ್ರತ, ಪಾತ್ರ ಎಂಬ ಮಾತು ನಾನು ಎತ್ತಲಿಲ್ಲ, ಬೇಕಾಗಲೂ ಇಲ್ಲ. ಗ್ರೀಸು ಹಚ್ಚಲು ಕಲಿಸಿದ ಆ ಹುಡುಗಿ ತಕ್ಷಣ ಕೇಳಿದ್ದು, "ಅವರ ರೂಮು ಎಷ್ಟು ದೊಡ್ಡದು ಅಂಕಲ್? ಪಕ್ಕಪಕ್ಕ ಕೂರ್ತಾರಾ?" ಪಕ್ಕಪಕ್ಕವೇ ಎಂದೆ. "ಹಂಗಾದ್ರೆ ನೀಲಿ ಬೇಡ, ಒಬ್ರ ಸದ್ದು ಇನ್ನೊಬ್ರಿಗೆ ತಲೆನೋವು. ಕಂದು ಹಾಕೋಣ." ಹೊಸದಾಗಿ ಶುರು ಮಾಡುವವರಿಗೆ ಕೆಂಪು ಒಳ್ಳೆಯದು, ಬೆರಳಿಗೆ ಭಾರ ಕಡಿಮೆ ಎಂದು ಇನ್ನೊಬ್ಬ ತಕರಾರು ತೆಗೆದ. ಅವರೇನು ಹೊಸಬರಲ್ಲ, ಇಪ್ಪತ್ತು ವರ್ಷ ಗುದ್ದಿ ಟೈಪ್ ಮಾಡಿದ ಕೈ, ತೀರಾ ಹಗುರವಾದರೆ ಮುಟ್ಟಿದ್ದೆಲ್ಲ ಬೀಳುತ್ತದೆ ಎಂದು ಮತ್ತೊಬ್ಬಳು. ಕೀಕ್ಯಾಪಿನ ಮೇಲೆ ಕನ್ನಡ ಅಕ್ಷರ ಇರಬೇಕೇ ಎಂದು ಯಾರೋ ಕೇಳಿದರು. ಅವರು ಕೀಲಿ ನೋಡುವುದೇ ಇಲ್ಲ ಎಂದೆ. ಕೊನೆಗೆ ಎರಡು ಬಗೆಯ ಸ್ವಿಚ್ಚನ್ನೂ ತೆಗೆದುಕೊಂಡು ಹೋಗುವುದು, ಹಾಟ್‌ಸ್ವಾಪ್, ಅಂದರೆ ಸ್ವಿಚ್ಚನ್ನು ಕಿತ್ತು ಬೇರೆಯದು ಸಿಕ್ಕಿಸುವ ಅನುಕೂಲ, ಇರುವ ಕೀಬೋರ್ಡನ್ನೇ ಕೊಡುವುದು, ಅವರೇ ಒತ್ತಿ ನೋಡಿ ಆರಿಸಿಕೊಂಡದ್ದನ್ನು ಅಲ್ಲೇ ಕೂತು ಹಾಕಿಕೊಡುವುದು ಎಂದಾಯಿತು. ಎಫ್ ಕೀಲಿಗೆ ಮಾತ್ರ ಬೇಗ ಸವೆಯದ ಪಿಬಿಟಿ ಪ್ಲಾಸ್ಟಿಕ್ಕಿನ ಕ್ಯಾಪು ಹಾಕೋಣ ಎಂದು ನನ್ನ ಹಳೆಯ ಕೀಬೋರ್ಡನ್ನು ಬೆಳಕಿಗೆ ಹಿಡಿದು ನೋಡಿದ ಆ ಹುಡುಗ ಹೇಳಿದ. ಮುಂದಿನ ಶನಿವಾರ ಪ್ರೆಸ್ಸಿಗೆ ಅರ್ಧ ದಿನ ರಜೆ. ಮಧ್ಯಾಹ್ನ ಎರಡಕ್ಕೆ ಬನ್ನಿ ಎಂದು ಅವರು ಹೇಳಿದ್ದಾರೆ.